ಜಿಪಿಎಸ್‌ಗೂ ಒಂದು ಕಾಟಾ ಬೇಕು

(ಬಾಗಲಕೋಟೆಯ ನವನಗರದಲ್ಲಿ ರೈತರು, ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಮೋಜಣಿ ಕೆಲಸದವರ ಮುಂದೆ ಒಬ್ಬ ಸರ್ವೇಯರ್ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು.)

ಫ್ಯಾಕ್ಟರಿಗೆ ಕಬ್ಬು ಕಳಿಸುವವರು ಇಲ್ಲಿ ಎಷ್ಟು ಜನ ಇದ್ದೀರಿ? ಒಮ್ಮೆ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ. ಹಾಗಾದರೆ ನನ್ನ ಕೆಲಸ ಹಗುರಾಯಿತು. ಇವತ್ತಿನ ವಿಷಯದ ಅರ್ಧ ನಿಮಗೆ ಆಗಲೇ ಗೊತ್ತು.

ಟ್ರ್ಯಾಕ್ಟರ್‌ನಲ್ಲಿ ಕಬ್ಬು ಹೇರಿಕೊಂಡು ಹೊರಟಾಗ ನೀವು ಏನು ಮಾಡುತ್ತೀರಿ? ದಾರಿಯಲ್ಲೇ ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸುತ್ತೀರಿ. ಚೀಟಿ ಜೇಬಿಗೆ ಹಾಕಿಕೊಂಡು ಆಮೇಲೆ ಒಳಗೆ ಹೋಗುತ್ತೀರಿ. ಯಾಕೆ? ಒಳಗಿನ ಕಾಟಾ ಮೇಲೆ ದೊಡ್ಡ ಕೆಂಪು ಅಂಕಿ ಬರುತ್ತದೆ, ಕಿಲೋ ಲೆಕ್ಕ ತೋರಿಸುತ್ತದೆ, ಅದೇ ಗಾಡಿಯನ್ನು ಹತ್ತು ಸಲ ನಿಲ್ಲಿಸಿದರೂ ಹತ್ತು ಸಲವೂ ಅದೇ ಅಂಕಿ. ಆದರೂ ನಿಮಗೆ ಸಮಾಧಾನ ಇಲ್ಲ. ಹತ್ತು ಸಲ ಅದೇ ಅಂಕಿ ಬಂದರೆ ಕಾಟಾ ಅಲುಗಾಡುತ್ತಿಲ್ಲ ಅಂತ ಅರ್ಥ, ಅಷ್ಟೇ. ಹತ್ತು ಸಲವೂ ಎರಡು ಕ್ವಿಂಟಲ್ ಕಡಿಮೆಯೇ ತೋರಿಸುತ್ತಿರಬಹುದು.

ಇಷ್ಟು ಹುಷಾರಿರುವ ನಾವು ಜೇಬಿನ ಫೋನ್ ತೆಗೆದು ನೀಲಿ ಚುಕ್ಕೆ ನೋಡಿದ ಕೂಡಲೇ "ಇಲ್ಲೇ ಇದ್ದೀನಿ" ಅಂತ ನಂಬಿಬಿಡುತ್ತೇವೆ. ಹೊರಗಿನ ಕಾಟಾ ಇಲ್ಲ, ಚೀಟಿ ಇಲ್ಲ. ಹೊಲದ ಬಾಂದಗಲ್ಲು ಎಲ್ಲಿ ಅಂತಲೂ ಈಗ ಫೋನ್ ಹಿಡಿದು ಹುಡುಕುವವರು ಇದ್ದಾರೆ. ಅವರಿಗಾಗಿಯೇ ನಾನು ಇವತ್ತು ಬಂದದ್ದು.

ಫೋನಿನಲ್ಲಿ ಜಾಗ ತೋರಿಸುವ ಆಪ್ ಯಾವುದಾದರೂ ಇದ್ದರೆ ತೆರೆಯಿರಿ. 16 ಪಾಯಿಂಟ್ ಅಂತ ಶುರುವಾಗುವ ಅಂಕಿ ಅಕ್ಷಾಂಶ. ಪಾಯಿಂಟ್ ಆದ ಮೇಲೆ ಎಷ್ಟು ಅಂಕಿ ಇವೆ ಎಣಿಸಿ. ಆರು? ಏಳು? ಈಗ ಲೆಕ್ಕ ಹಾಕೋಣ. ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಪಾಯಿಂಟ್ ಆದ ಮೇಲಿನ ಐದನೇ ಅಂಕಿ ಒಂದು ಬದಲಾದರೆ ಸುಮಾರು ಒಂದು ಮೀಟರ್ ಸರಿದಂತೆ. ಆರನೆಯದು 11 ಸೆಂಟಿಮೀಟರ್. ಏಳನೆಯದು ಒಂದು ಸೆಂಟಿಮೀಟರ್, ಅಂದರೆ ನಿಮ್ಮ ಕಿರುಬೆರಳಿನ ಅಗಲ. ಈ ಫೋನು ಕಿರುಬೆರಳಿನ ಅಗಲದಷ್ಟು ನಿಖರವಾಗಿ ಜಾಗ ಹೇಳುತ್ತದಾ? ಖಂಡಿತ ಇಲ್ಲ. ತೆರೆದ ಬಯಲಿನಲ್ಲಿ, ಎಲ್ಲ ಸರಿ ಇದ್ದಾಗ, ಸಾಮಾನ್ಯ ಫೋನ್ ಹೇಳುವುದು ಸುಮಾರು ಐದು ಮೀಟರ್ ಒಳಗಿನ ಜಾಗ. ಮಿಕ್ಕ ಅಂಕಿಗಳು ಅಲಂಕಾರಕ್ಕೆ ಇರುವವು.

ಚುಕ್ಕೆಯ ಸುತ್ತ ತೆಳುವಾದ ನೀಲಿ ವರ್ತುಲ ಇದೆ ನೋಡಿ. ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ನನ್ನ ಪ್ರಕಾರ ಇಡೀ ಪರದೆಯಲ್ಲಿ ಪ್ರಾಮಾಣಿಕವಾಗಿ ಮಾತಾಡುವುದು ಅದೊಂದೇ. "ನಾನು ಹೇಳಿದ ಜಾಗ ಈ ವರ್ತುಲದ ಒಳಗೆ ಎಲ್ಲಾದರೂ ಇರಬಹುದು" ಅನ್ನುತ್ತದೆ. ಅದಕ್ಕೂ ಒಂದು ಷರತ್ತು ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಆ ವರ್ತುಲದ ಭರವಸೆ ಶೇಕಡಾ 68 ಮಾತ್ರ. ಮೂರು ಸಲದಲ್ಲಿ ಎರಡು ಸಲ ನೀವು ಒಳಗಿರುತ್ತೀರಿ, ಒಂದು ಸಲ ಹೊರಗಿರುತ್ತೀರಿ. ಎಷ್ಟು ಹೊರಗೆ ಅಂತ ಅದು ಹೇಳುವುದಿಲ್ಲ. ಮೂರರಲ್ಲಿ ಒಂದು ಸಲ ತಪ್ಪು ತೂಗುವ ಕಾಟಾಕ್ಕೆ ನೀವು ಕಬ್ಬು ಹಾಕುತ್ತೀರಾ?

ಇನ್ನೊಂದು ಮಾತು. ರಸ್ತೆಯಲ್ಲಿ ಹೋಗುವಾಗ ಚುಕ್ಕೆ ಯಾವಾಗಲೂ ರಸ್ತೆಯ ನಡುವೆಯೇ ಇರುತ್ತದೆ, ಅಲ್ವಾ? ಅದನ್ನು ನೋಡಿ "ಎಂಥಾ ನಿಖರ!" ಅನ್ನುತ್ತೇವೆ. ಚುಕ್ಕೆಯನ್ನು ಎಳೆದು ತಂದು ರಸ್ತೆ ಮೇಲೆ ಕೂರಿಸುವುದು ಆಪ್‌ನ ಕೆಲಸ. ಗಾಡಿ ಓಡಿಸುವವನು ರಸ್ತೆ ಬಿಟ್ಟು ಎಲ್ಲಿ ಹೋಗುತ್ತಾನೆ ಅನ್ನುವ ಅಂದಾಜು ಅದು. ಹೊಲದೊಳಗೆ ಇಳಿದು ನಡೆಯಿರಿ. ಆಗ ಗೊತ್ತಾಗುತ್ತದೆ, ಚುಕ್ಕೆ ಕುಡಿದವನ ಹಾಗೆ ತೂರಾಡುತ್ತದೆ.

ಯಾಕೆ ತೂರಾಡುತ್ತದೆ? ಜಿಪಿಎಸ್ ಉಪಗ್ರಹ ಇರುವುದು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅದು ನಿಮ್ಮನ್ನು ನೋಡುತ್ತಿಲ್ಲ, ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತೂ ಇಲ್ಲ. "ನಾನು ಇಂಥ ಉಪಗ್ರಹ, ಇಂಥ ಜಾಗದಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಇಷ್ಟು ಗಂಟೆ" ಅಂತ ಡಂಗುರ ಸಾರುತ್ತಾ ಹೋಗುತ್ತದೆ. ಆ ದನಿ ಎಷ್ಟು ಹೊತ್ತಿಗೆ ಬಂತು ಅಂತ ನೋಡಿ ಫೋನು ದೂರ ಲೆಕ್ಕ ಹಾಕುತ್ತದೆ. ಬೆಳಕಿನ ವೇಗದಲ್ಲಿ ಬರುವ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿಗೆ, 30 ಸೆಂಟಿಮೀಟರ್ ಸಾಗುತ್ತದೆ. ಗಡಿಯಾರದಲ್ಲಿ ಅಷ್ಟು ಹೆಚ್ಚುಕಡಿಮೆ ಆದರೂ ಒಂದು ಅಡಿ ಹೋಯಿತು. ಐನ್‌ಸ್ಟೀನ್ ಹೇಳಿದ ಲೆಕ್ಕದ ಪ್ರಕಾರ ಮೇಲಿನ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿ ಮಾಡದೆ ಬಿಟ್ಟರೆ ಒಂದೇ ದಿನಕ್ಕೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ತಪ್ಪು ಬರುತ್ತದೆ. ಇಲ್ಲಿಂದ ಸೀತಿಮನಿ ಕಡೆ ಹೊರಟವನನ್ನು ಆಲಮಟ್ಟಿ ಹಿನ್ನೀರಿಗೆ ಇಳಿಸಿಬಿಡುತ್ತದೆ.

ಗಡಿಯಾರದ ಚಿಂತೆ ನಮಗೆ ಬೇಡ. ಅದನ್ನು ನೋಡಿಕೊಳ್ಳುವವರು ಇದ್ದಾರೆ. ನಾವು ನೋಡಿಕೊಳ್ಳಬೇಕಾದದ್ದು ಬಾದಾಮಿ.

ಬಾದಾಮಿಗೆ ಹೋಗದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಹುಡುಗರು ಕೂಗುತ್ತಾರೆ. ಕೂಗು ಕೆಂಪು ಬಂಡೆಗೆ ಬಡಿದು ವಾಪಸ್ ಬರುತ್ತದೆ. ಈಗ ಯೋಚನೆ ಮಾಡಿ. ನೀವು ಕಣ್ಣು ಮುಚ್ಚಿ ನಿಂತಿದ್ದೀರಿ. ಗೆಳೆಯ ಎಲ್ಲೋ ನಿಂತು ಕೂಗುತ್ತಾನೆ. ಮೊದಲು ನೇರ ದನಿ ಕೇಳುತ್ತದೆ, ಆಮೇಲೆ ಮಾರ್ದನಿ. ಎರಡೂ ಕೇಳಿದರೆ ಹೇಗೋ ಬೇರೆ ಮಾಡಬಹುದು. ಆದರೆ ಗೆಳೆಯ ಬಂಡೆಯ ಮರೆಯಲ್ಲಿದ್ದರೆ? ನೇರ ದನಿ ಬರುವುದೇ ಇಲ್ಲ. ಎದುರಿನ ಬಂಡೆಯಿಂದ ತಿರುಗಿ ಬಂದ ದನಿ ಮಾತ್ರ ಕೇಳುತ್ತದೆ. ನೀವು ಆ ಬಂಡೆಯ ಕಡೆ ಕೈ ತೋರಿಸಿ "ಅಲ್ಲಿದ್ದಾನೆ" ಅನ್ನುತ್ತೀರಿ. ಅದೂ ಪೂರ್ತಿ ಧೈರ್ಯದಿಂದ.

ಫೋನಿನೊಳಗೆ ಸಿಗ್ನಲ್ ಹಿಡಿಯುವ ರಿಸೀವರ್‌ಗೆ ಆಗುವುದೂ ಇದೇ. ಸಿಗ್ನಲ್ ಬಂಡೆಗೆ, ಕಾಂಕ್ರೀಟ್ ಗೋಡೆಗೆ, ತಗಡಿನ ಶೆಡ್ಡಿಗೆ, ನಿಂತ ನೀರಿಗೆ ಬಡಿದು ಸುತ್ತು ಹಾಕಿ ಬರುತ್ತದೆ. ಸುತ್ತು ಹಾಕಿದಷ್ಟು ದೂರ ಹೆಚ್ಚಾಗುತ್ತದೆ. ದೂರ ಹೆಚ್ಚಾದರೆ ಜಾಗ ಪಕ್ಕಕ್ಕೆ ಸರಿಯುತ್ತದೆ. ಅದರ ಮೇಲೆ, ಬಾದಾಮಿಯಲ್ಲಿ ಎರಡೂ ಕಡೆ ಗುಡ್ಡ. ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಕಾಣುವ ಉಪಗ್ರಹಗಳೆಲ್ಲ ಆ ಪಟ್ಟಿಯಲ್ಲೇ ಸಾಲಾಗಿ ನಿಂತಿರುತ್ತವೆ.

ಸಾಲಾಗಿ ನಿಂತರೆ ಏನು ತೊಂದರೆ? ಹೊಲದಲ್ಲಿ ಹಳೆಯ ಬೋರಿನ ಜಾಗ ಹುಡುಕಬೇಕು ಅಂದುಕೊಳ್ಳಿ. ಒಂದು ಬೇವಿನ ಮರದಿಂದ 40 ಮಾರು, ಇನ್ನೊಂದು ಬನ್ನಿ ಮರದಿಂದ 35 ಮಾರು ಅಂತ ನೆನಪಿದೆ. ಒಂದು ಮರ ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ ಇದ್ದರೆ ಎರಡು ಹಗ್ಗ ಅಡ್ಡಡ್ಡ ಕೂಡುತ್ತವೆ. ಹಗ್ಗ ಒಂದು ಗೇಣು ಹೆಚ್ಚುಕಡಿಮೆ ಆದರೂ ಬೋರು ಒಂದು ಗೇಣಿನ ಆಸುಪಾಸಲ್ಲೇ ಸಿಗುತ್ತದೆ. ಎರಡೂ ಮರ ಅಕ್ಕಪಕ್ಕದಲ್ಲೇ ಇದ್ದರೆ ಹಗ್ಗದ ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ ಹಾಗೆ ಆಗುತ್ತವೆ. ಒಂದು ಗೇಣಿನ ತಪ್ಪಿಗೆ ಬೋರು ಹತ್ತು ಮಾರು ಆಚೆ ಹೋಗುತ್ತದೆ. ಉಪಗ್ರಹಗಳು ಹೀಗೆ ಎಷ್ಟು ಹರಡಿ ನಿಂತಿವೆ ಅಂತ ಹೇಳುವ ಅಂಕಿಗೆ ನಮ್ಮ ಕಸುಬಿನಲ್ಲಿ ಡಿಒಪಿ ಅನ್ನುತ್ತೇವೆ. ಮೆಷಿನ್ ಪರದೆಯ ಮೂಲೆಯಲ್ಲಿ ಸಣ್ಣದಾಗಿ ಬರೆದಿರುತ್ತದೆ. ಅದು ಒಂದು, ಎರಡು ಇದ್ದರೆ ಚೆನ್ನಾಗಿ ಹರಡಿ ನಿಂತಿವೆ ಅಂತ. ಆರು, ಏಳು ಆದರೆ ಆ ಹೊತ್ತಿಗೆ ಚಹಾ ಕುಡಿಯಲು ಹೋಗುವುದು ಒಳ್ಳೆಯದು. ಅರ್ಧ ಗಂಟೆಯಲ್ಲಿ ಉಪಗ್ರಹಗಳ ಸಾಲು ಬದಲಾಗಿರುತ್ತದೆ.

ಎತ್ತರದ ಲೆಕ್ಕ ಯಾವಾಗಲೂ ಅಡ್ಡದ ಲೆಕ್ಕಕ್ಕಿಂತ ಕೆಟ್ಟದಾಗಿರುವುದೂ ಇದಕ್ಕೇ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇವೆ. ಕಾಲ ಕೆಳಗೆ ಒಂದೂ ಇಲ್ಲ, ಭೂಮಿ ಅಡ್ಡ.

ಕಳೆದ ವರ್ಷ ಮಾರ್ಚಿನಲ್ಲಿ ಒಂದು ಸಣ್ಣ ಹುಚ್ಚಾಟ ಮಾಡಿದೆ. ಹಳೆಯ ಫೋನೊಂದನ್ನು ನಮ್ಮ ಮನೆಯ ಮಾಳಿಗೆಯ ನೀರಿನ ಟಾಕಿ ಮೇಲೆ ಇಟ್ಟು, ನಿಮಿಷಕ್ಕೊಮ್ಮೆ ಜಾಗ ಬರೆದುಕೊಳ್ಳಲು ಹಚ್ಚಿ ಮಲಗಿದೆ. ಮನೆಯವಳು "ಫೋನಿಗೂ ಮಾಳಿಗೆ ಮೇಲೆ ಹಾಸಿಗೆನಾ?" ಅಂದಳು. ಬೆಳಿಗ್ಗೆ ಚುಕ್ಕೆಗಳನ್ನೆಲ್ಲ ಹಾಳೆಯ ಮೇಲೆ ಹಾಕಿ ನೋಡಿದೆ. ಟಾಕಿ ಕದಲಿಲ್ಲ, ಫೋನು ಕದಲಿಲ್ಲ, ಚುಕ್ಕೆಗಳು ಮಾತ್ರ ರಾಗಿ ಚೆಲ್ಲಿದ ಹಾಗೆ. ನಸುಕಿನ ಚುಕ್ಕೆಗಳು ಒತ್ತೊತ್ತಾಗಿ ಕೂತಿದ್ದವು. ರಾತ್ರಿ ಎಂಟರಿಂದ ಹತ್ತೂವರೆ ತನಕದವು ಮಾತ್ರ ಪಕ್ಕದ ಮನೆಯ ಅಂಗಳದಾಚೆಗೂ ಹೋಗಿದ್ದವು.

ಆ ಹೊತ್ತಿನಲ್ಲಿ ಏನಾಗುತ್ತದೆ? ನೆಲದಿಂದ ನೂರಾರು ಕಿಲೋಮೀಟರ್ ಮೇಲೆ ಅಯಾನುಗೋಳ ಅನ್ನುವ ಪದರ ಇದೆ. ಹಗಲಿಡೀ ಬಿಸಿಲು ತಿಂದು ವಿದ್ಯುತ್ ಕಣಗಳಿಂದ ತುಂಬಿಕೊಂಡಿರುತ್ತದೆ. ಸಿಗ್ನಲ್ ಅದರ ಮೂಲಕ ಬರುವಾಗ ತಡವಾಗುತ್ತದೆ. ಭೂಮಿಯ ಕಾಂತೀಯ ಸಮಭಾಜಕ ಹಾದು ಹೋಗುವುದು ನಮ್ಮ ದೇಶದ ದಕ್ಷಿಣ ತುದಿಯಲ್ಲಿ. ಹಾಗಾಗಿ ಈ ಪದರದ ಆಟ ಯುರೋಪಿನವರಿಗಿಂತ ನಮಗೇ ಜಾಸ್ತಿ. ಸೂರ್ಯ ಮುಳುಗಿದ ಮೇಲೆ ಪದರದಲ್ಲಿ ನೀರು ಕುದಿಯುವಾಗ ಏಳುವಂಥ ಗುಳ್ಳೆಗಳು ಏಳುತ್ತವೆ. ಸಿಗ್ನಲ್ ನಕ್ಷತ್ರದ ಹಾಗೆ ಮಿನುಗಲು ಶುರು ಮಾಡುತ್ತದೆ. ಮಧ್ಯರಾತ್ರಿ ತನಕ ಇದು ಜೋರು. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್ ಸುತ್ತಮುತ್ತ ಇನ್ನೂ ಜೋರು. ಸೂರ್ಯನ 11 ವರ್ಷದ ಚಕ್ರ ಏರಿದಾಗಂತೂ ಕೇಳಲೇಬೇಡಿ. 2024ರಲ್ಲಿ ಅದು ಏರಿಯೇ ಇತ್ತು. ನಾನು ಇಲ್ಲಿ ಹೇಳುತ್ತಿರುವುದು ಇಷ್ಟು: ಬೇರೆ ದೇಶದಲ್ಲಿ ಮಧ್ಯಾಹ್ನ ಪರೀಕ್ಷೆ ಮಾಡಿ ಡಬ್ಬಿ ಮೇಲೆ ಮುದ್ರಿಸಿದ ನಿಖರತೆಯ ಅಂಕಿ, ಬಾಗಲಕೋಟೆಯ ಮಾರ್ಚ್ ತಿಂಗಳ ರಾತ್ರಿ ಒಂಬತ್ತಕ್ಕೆ ನಿಮ್ಮ ಜೊತೆ ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಇದೆ. ಎರಡು ತರಂಗದಲ್ಲಿ ಕೇಳುವ ಫೋನುಗಳು ಬಂದಿವೆ, ಎಲ್1 ಮತ್ತು ಎಲ್5. ಒಂದೇ ಪದರದಲ್ಲಿ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ತಡ ಆಗುತ್ತವೆ. ವ್ಯತ್ಯಾಸ ನೋಡಿದರೆ ಪದರ ಮಾಡಿದ ತಡ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಮಿನುಗುವುದಕ್ಕೆ ಮಾತ್ರ ಈ ಮದ್ದು ನಾಟುವುದಿಲ್ಲ.

ಈಗ ನನ್ನದೇ ಮರ್ಯಾದೆ ಹೋದ ಕಥೆ. ಫೋನಿನದಲ್ಲ, ಲಕ್ಷಾಂತರ ರೂಪಾಯಿಯ ಸರ್ವೇ ಮೆಷಿನ್ನಿನದು.

ಘಟಪ್ರಭಾ ದಂಡೆಯ ಒಂದು ಊರು. ಅಣ್ಣ ತಮ್ಮಂದಿರ ಹಿಸ್ಸೆ. ನನ್ನ ಹತ್ತಿರ ಆರ್‌ಟಿಕೆ ಜೋಡಿ ಇತ್ತು. ಬೇಸ್ ಅನ್ನುವುದನ್ನು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಒಂದು ಕಡೆ ಇಡುತ್ತೇವೆ. ರೋವರ್ ಹಿಡಿದು ಹೊಲದಲ್ಲಿ ತಿರುಗುತ್ತೇವೆ. ಬೇಸ್ ತನ್ನ ಜಾಗ ಎಲ್ಲಿ ಅಂತ ಮೊದಲೇ ತಿಳಿದಿರುತ್ತದೆ. ಉಪಗ್ರಹ ಹೇಳುವ ತಪ್ಪನ್ನು ಹಿಡಿದು ರೋವರ್‌ಗೆ ರೇಡಿಯೊ ಮೂಲಕ ದಾಟಿಸುತ್ತದೆ. ಹಾಗಾಗಿ ರೋವರ್ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳುತ್ತದೆ. ಪರದೆ ಮೇಲೆ "ಫಿಕ್ಸ್" ಅಂತ ಹಸಿರು ಅಕ್ಷರ ಬಂದರೆ ಎಲ್ಲ ಸರಿ, "ಫ್ಲೋಟ್" ಅಂತ ಇದ್ದರೆ ಇನ್ನೂ ತಡಕಾಡುತ್ತಿದೆ ಅಂತ.

ಮೊದಲ ದಿನ ಊರ ಗುಡಿಯ ಕಟ್ಟೆ ಹತ್ತಿರ ಮೊಳೆ ಹೊಡೆದು ಬೇಸ್ ಇಟ್ಟೆ. ಅದರ ಜಾಗದ ಸರಿಯಾದ ಅಂಕಿ ನನ್ನ ಹತ್ತಿರ ಇರಲಿಲ್ಲ. ಮೆಷಿನ್ನಿಗೇ "ನೀನೇ ಹೇಳು" ಅಂತ ಬಟನ್ ಒತ್ತಿದೆ. ಅದು ಆ ಕ್ಷಣಕ್ಕೆ ತೋಚಿದ ಅಂಕಿ ಹಾಕಿಕೊಂಡಿತು. ಅರ್ಧ ಹೊಲ ಅಳೆದೆ. ಎರಡನೇ ದಿನ ಅದೇ ಮೊಳೆ ಮೇಲೆ ಬೇಸ್ ಇಟ್ಟೆ, ಮತ್ತೆ ಅದೇ ಬಟನ್ ಒತ್ತಿದೆ. ಆ ಒಂದು ಬಟನ್! ಎರಡನೇ ದಿನ ಅದಕ್ಕೆ ತೋಚಿದ್ದು ಬೇರೆ ಅಂಕಿ. ನನಗೆ ಗೊತ್ತಾಗಲಿಲ್ಲ. ಪರದೆಯಲ್ಲಿ ಫಿಕ್ಸ್, ಪಕ್ಕದಲ್ಲಿ 1.2 ಸೆಂಟಿಮೀಟರ್. ನಡುವಿನ ಗೆರೆಗೆ ಗೂಟ ಹೊಡೆಸುತ್ತಾ ಹೋದೆ.

ಕೊನೆಯ ಗೂಟ ಬಿದ್ದದ್ದು ಹಳೆಯ ಬಾಂದಗಲ್ಲು ಬಿಟ್ಟು ಎರಡು ಮೀಟರ್ ಒಳಗೆ, ಕಬ್ಬಿನ ನಡುವೆ. ಕಟ್ಟೆ ಮೇಲೆ ಕೂತಿದ್ದ ಅವರ ತಂದೆ ಎದ್ದು ಬಂದರು. ಕಲ್ಲಿನ ಮೇಲೆ ಕೋಲು ಊರಿ ಹೇಳಿದರು: "ಸಾಹೇಬ್ರ, ಈ ಕಲ್ಲ ನಮ್ಮಪ್ಪ ಹುಗದದ್ದು. ಕಲ್ಲ ನಡೀತೈತಿ ಅಂದ್ರ ನಂಬ್ತೀನಿ, ಮಂದಿ ನಡಸ್ತಾರ. ಆದ್ರ ನಿನ್ನೆ ನೀವ ಇದ್ರ ಮ್ಯಾಲ ಕೋಲ ಇಟ್ಟ ಸರಿ ಐತಿ ಅಂದ್ರಿ. ಒಂದ ರಾತ್ರ್ಯಾಗ ಎಷ್ಟ ನಡದೀತ್ರೀ?"

ನಾನು ಪರದೆ ತೋರಿಸಿದೆ. ಅವರು ಪರದೆ ನೋಡಲೇ ಇಲ್ಲ. ಮಧ್ಯಾಹ್ನ ಊಟ ಮಾಡುವಾಗ ತಲೆ ಕೊರೆಯಲು ಶುರುವಾಯಿತು. ಎದ್ದು ಹೋಗಿ ಮೊದಲ ದಿನ ಅಳೆದ ಗೂಟದ ಮೇಲೆ ರೋವರ್ ಇಟ್ಟೆ. 1.9 ಮೀಟರ್ ವ್ಯತ್ಯಾಸ. ಇನ್ನೊಂದು ಗೂಟ, ಅಲ್ಲೂ 1.9 ಮೀಟರ್, ಅದೇ ದಿಕ್ಕಿಗೆ. ಇಡೀ ಎರಡನೇ ದಿನವೇ ಪಕ್ಕಕ್ಕೆ ಸರಿದು ಕೂತಿತ್ತು. ಗೆರೆಯ ಉದ್ದ 160 ಮೀಟರ್. ಗುಣಿಸಿ ನೋಡಿ, 304 ಚದರ ಮೀಟರ್. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, ಸುಮಾರು 101 ಚದರ ಮೀಟರ್. ಒಂದು ಬಟನ್ ಒತ್ತಿ ನಾನು ಅಣ್ಣನ ಮೂರು ಗುಂಟೆ ತಮ್ಮನಿಗೆ ಕೊಟ್ಟಿದ್ದೆ. ತಮ್ಮ ಏನೂ ಮಾತಾಡಿರಲಿಲ್ಲ ಅನ್ನುವುದು ಬೇರೆ ಮಾತು.

ಹಾಗಾದರೆ ಆ 1.2 ಸೆಂಟಿಮೀಟರ್ ಸುಳ್ಳಾ? ಸುಳ್ಳಲ್ಲ. ಬೇಸಿನಿಂದ ರೋವರ್‌ಗೆ ಇರುವ ದೂರದಲ್ಲಿ 1.2 ಸೆಂಟಿಮೀಟರಿಗಿಂತ ಹೆಚ್ಚು ಗೊಂದಲ ಇಲ್ಲ ಅಂತ ಅದು ಹೇಳಿತ್ತು. ಬೇಸ್ ತಾನು ಹೇಳಿಕೊಂಡ ಜಾಗದಲ್ಲೇ ಇದೆಯಾ ಅಂತ ಅದನ್ನು ಯಾರೂ ಕೇಳಿರಲಿಲ್ಲ. ಹತ್ತು ಸಲ ಅದೇ ಅಂಕಿ ತೋರಿಸುವ ಕಾಟಾ ನೆನಪಿದೆ ಅಲ್ವಾ? ಅದೇ ಇದು. ಆ ಮುದುಕರ ಕಲ್ಲೇ ಹೊರಗಿನ ಕಾಟಾ.

ಈಗ ಸರ್ವೇ ಆಫ್ ಇಂಡಿಯಾದವರು ಕಾರ್ಸ್ ಅಂತ ಕಾಯಂ ಬೇಸ್ ಕೇಂದ್ರಗಳ ಜಾಲ ಮಾಡಿದ್ದಾರೆ. ಮೊದಲು ಹಾಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯ ಮನೆ ಜಾಗಗಳಿಗೆ ಹಕ್ಕಿನ ದಾಖಲೆ ಕೊಡಲು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆಗೂ ಈ ಜಾಲ ನೆರವಾಗುತ್ತದೆ. ಬೇಸ್ ನಾವು ಇಡಬೇಕಾಗಿಲ್ಲ, ಇಂಟರ್‌ನೆಟ್ ಇದ್ದರೆ ಸಾಕು. ನನ್ನಂಥವರು ತಪ್ಪು ಬಟನ್ ಒತ್ತುವ ಅವಕಾಶ ಒಂದು ಕಡಿಮೆಯಾಯಿತು. ಒಂದು ಮಾತ್ರ ನೆನಪಿರಲಿ. ಹಳೆಯ ಟೋಪೋ ನಕ್ಷೆಗಳ ಅಕ್ಷಾಂಶ ರೇಖಾಂಶ ಎವರೆಸ್ಟ್ ಅನ್ನುವ, ಭೂಮಿಯ ಆಕಾರದ ಹಳೆಯ ಲೆಕ್ಕದವು, ಜಿಪಿಎಸ್‌ನದು ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಲೆಕ್ಕ. ನಮ್ಮ ಭಾಗದಲ್ಲಿ ಎರಡರ ನಡುವೆ ನೂರು ಮೀಟರಿಗಿಂತ ಹೆಚ್ಚೇ ಅಂತರ ಬರುತ್ತದೆ. ನಕ್ಷೆಯೂ ಸರಿ, ಮೆಷಿನ್ನೂ ಸರಿ, ಜೋಡಿಸಿದವನು ತಪ್ಪು.

ಇದಕ್ಕಿಂತ ದೊಡ್ಡ ಎಡವಟ್ಟು ಎತ್ತರದಲ್ಲಿದೆ. ಅದು ಈ ಊರಿನಲ್ಲಿ ಹೇಳಲೇಬೇಕಾದದ್ದು.

ನಿಮ್ಮಲ್ಲಿ ಎಷ್ಟೋ ಜನ ಹಳೆ ಊರು ಬಿಟ್ಟು ನವನಗರಕ್ಕೆ ಬಂದದ್ದು ಒಂದು ಅಂಕಿಯ ಕಾರಣಕ್ಕೆ. 519.60. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ, ಸಮುದ್ರ ಮಟ್ಟದಿಂದ ಮೀಟರ್ ಲೆಕ್ಕದಲ್ಲಿ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256. ಎರಡರ ನಡುವೆ ನಾಲ್ಕೂವರೆ ಮೀಟರ್ ಚಿಲ್ಲರೆ. ಆ ನಾಲ್ಕೂವರೆ ಮೀಟರಿನಲ್ಲಿ ಎಷ್ಟು ಊರು, ಎಷ್ಟು ಹೊಲ ಇವೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಈಗ ಜಲಾಶಯ ತುಂಬಿದ ದಿನ ನೀವು ನೀರಿನ ಅಂಚಿಗೆ ಹೋಗಿ ಜಿಪಿಎಸ್ ಹಿಡಿಯಿರಿ. ಕೆಲವು ಆಪ್‌ಗಳು, ಕೆಲವು ಮೆಷಿನ್ನುಗಳು 440ರ ಆಚೀಚೆಯ ಅಂಕಿ ತೋರಿಸುತ್ತವೆ. ಎಪ್ಪತ್ತು ಎಂಬತ್ತು ಮೀಟರ್ ಮಾಯ! ಒಬ್ಬರು ನನಗೆ ಫೋನ್ ಮಾಡಿ, "ಮನೆ 450ರಾಗ ಐತಿ ಅಂತ ತೋರಸಾಕತ್ತೈತಿ, ನಾವು ಯಾವಾಗೋ ಮುಳುಗಬೇಕಿತ್ತು" ಅಂತ ಗಾಬರಿಯಾಗಿದ್ದರು.

ಮೆಷಿನ್ ಕೆಟ್ಟಿಲ್ಲ. ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ. ಭೂಮಿಯನ್ನು ಅದು ಒಂದು ನುಣುಪಾದ ಮೊಟ್ಟೆ ಅಂತ ಕಲ್ಪಿಸಿಕೊಂಡು, ಆ ಮೊಟ್ಟೆಯ ಸಿಪ್ಪೆಯಿಂದ ಎತ್ತರ ಅಳೆಯುತ್ತದೆ. ನಿಜವಾದ ಸಮುದ್ರ ಮಟ್ಟ ಗುರುತ್ವ ಎಳೆದ ಹಾಗೆ ಉಬ್ಬುತ್ತದೆ, ತಗ್ಗುತ್ತದೆ. ಜಗತ್ತಿನಲ್ಲೇ ದೊಡ್ಡ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಮೊಟ್ಟೆಯ ಸಿಪ್ಪೆಗಿಂತ ಸುಮಾರು 106 ಮೀಟರ್ ಕೆಳಗೆ. ಆ ತಗ್ಗಿನ ಇಳಿಜಾರಿನಲ್ಲೇ ನಾವೂ ಇದ್ದೇವೆ. ಅದಕ್ಕೇ ನಮ್ಮ ಭಾಗದಲ್ಲಿ ಎರಡು ಲೆಕ್ಕಕ್ಕೆ ಇಷ್ಟು ವ್ಯತ್ಯಾಸ. ಕೂಡಿ ಕಳೆದರೆ ಸರಿ ಹೋಗುತ್ತದೆ. ಆದರೆ ಯಾವ ಲೆಕ್ಕದ ಅಂಕಿ ಅಂತ ಕೇಳದೆ, ನಿಮ್ಮ ಮನೆ ಮುಳುಗಡೆ ಗೆರೆಯ ಒಳಗಾ ಹೊರಗಾ ಅಂತ ಫೋನ್ ನೋಡಿ ತೀರ್ಮಾನ ಮಾಡಬೇಡಿ. ಅಷ್ಟು ಮುಖ್ಯವಾದ ಎತ್ತರಕ್ಕೆ ಈಗಲೂ ಎತ್ತರ ಗೊತ್ತಿರುವ ಬೆಂಚ್‌ಮಾರ್ಕ್ ಕಲ್ಲಿನಿಂದ ಲೆವೆಲಿಂಗ್, ಅಂದರೆ ಹಂತ ಹಂತವಾಗಿ ಮಟ್ಟ ಅಳೆಯುತ್ತಾ ಬರುವುದನ್ನು, ಮಾಡಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನಿಧಾನ, ಬೇಸರದ ಕೆಲಸ, ಆದರೆ ಜಗಳಕ್ಕೆ ನಿಲ್ಲುತ್ತದೆ.

ಇಷ್ಟು ಹೊತ್ತು ಮಾತಾಡಿದ್ದು ಎಷ್ಟು ತಪ್ಪಾಗುತ್ತದೆ ಅನ್ನುವ ಬಗ್ಗೆ. ಇನ್ನೊಂದು ಪ್ರಶ್ನೆ ಇದೆ, ನನಗೆ ಅದೇ ದೊಡ್ಡದು. ತಪ್ಪಾದಾಗ ತಪ್ಪಾಯಿತು ಅಂತ ಅದು ಹೇಳುತ್ತದಾ? ಇದಕ್ಕೆ ಇಂಟೆಗ್ರಿಟಿ ಅನ್ನುತ್ತಾರೆ. ಕನ್ನಡದಲ್ಲಿ ಪ್ರಾಮಾಣಿಕತೆ ಅಂದರೆ ಭಾಷಣದ ಹಾಗೆ ಕೇಳುತ್ತದೆ. ನಾನು ಭರವಸೆ ಅನ್ನುತ್ತೇನೆ. ದಿನಾ ಐದು ನಿಮಿಷ ತಡವಾಗಿ ಬಂದು, "ತಡ ಆಯ್ತು ರೀ" ಅನ್ನುವ ಆಳಿನ ಜೊತೆ ಬಾಳಬಹುದು. ವರ್ಷವಿಡೀ ಸರಿಯಾಗಿ ಬಂದು, ಒಂದು ದಿನ ಹೇಳದೆ ಕೇಳದೆ ಕೈ ಕೊಡುವವನ ಜೊತೆ ಕಷ್ಟ.

ಭರವಸೆ ಹೇಗೆ ಹುಟ್ಟುತ್ತದೆ? ಪಂಚಾಯಿತಿ ಕಟ್ಟೆಯ ಹಾಗೆಯೇ, ಸಾಕ್ಷಿಗಳಿಂದ. ರಿಸೀವರ್‌ಗೆ ಗೊತ್ತಾಗಬೇಕಾದದ್ದು ನಾಲ್ಕು ಸಂಗತಿ: ಪೂರ್ವ ಪಶ್ಚಿಮ, ಉತ್ತರ ದಕ್ಷಿಣ, ಎತ್ತರ, ಮತ್ತು ತನ್ನದೇ ಅಗ್ಗದ ಗಡಿಯಾರ ಎಷ್ಟು ತಪ್ಪಿದೆ ಅನ್ನುವುದು. ಅದಕ್ಕೆ ನಾಲ್ಕು ಉಪಗ್ರಹ ಸಾಕು. ಆದರೆ ನಾಲ್ಕೇ ಸಾಕ್ಷಿ ಇದ್ದರೆ ಒಬ್ಬ ಸುಳ್ಳು ಹೇಳಿದರೂ ಲೆಕ್ಕ ಕೂಡಿಯೇ ಬಿಡುತ್ತದೆ, ಜಾಗ ಮಾತ್ರ ತಪ್ಪು. ಐದನೆಯವ ಬಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ಆರನೆಯವ ಬಂದರೆ ಸುಳ್ಳುಗಾರ ಸಿಕ್ಕಿಬೀಳುತ್ತಾನೆ. ವಿಮಾನದ ರಿಸೀವರ್‌ಗಳು ಈ ಪಂಚಾಯಿತಿಯನ್ನು ಪ್ರತಿ ಕ್ಷಣ ನಡೆಸುತ್ತವೆ. ಹೆಸರು ರೈಮ್.

ನಮ್ಮ ದೇಶದಲ್ಲಿ ಇದಕ್ಕಿಂತ ಗಟ್ಟಿಯಾದ ಏರ್ಪಾಡೂ ಇದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್. ದೇಶದ ತುಂಬಾ 15 ಕೇಂದ್ರಗಳು ಜಿಪಿಎಸ್ ಹೇಳಿದ್ದನ್ನು ಸದಾ ತಾಳೆ ನೋಡುತ್ತಿರುತ್ತವೆ, ಯಾಕಂದ್ರೆ ಅವು ಎಲ್ಲಿವೆ ಅಂತ ಅವಕ್ಕೆ ಖಚಿತವಾಗಿ ಗೊತ್ತು. ಲೆಕ್ಕ ಬೆಂಗಳೂರಿನಲ್ಲಿ ಆಗುತ್ತದೆ. ತಿದ್ದುಪಡಿ ಮತ್ತು ಎಚ್ಚರಿಕೆ ಎರಡನ್ನೂ ಜಿಸ್ಯಾಟ್ ಉಪಗ್ರಹದಿಂದ ಕೆಳಗೆ ಕಳಿಸುತ್ತಾರೆ. ಹೊರಗಿನ ಕಾಟಾವನ್ನು ಆಕಾಶದಲ್ಲಿ ಇಟ್ಟ ಹಾಗೆ. ವಿಮಾನ ನೆಲಕ್ಕೆ ಇಳಿಯುವಾಗ ಮಿತಿ ಮೀರಿದ ತಪ್ಪು ಕೆಲವೇ ಸೆಕೆಂಡಿನಲ್ಲಿ ಪೈಲಟ್‌ಗೆ ತಿಳಿಯಬೇಕು. ತಿಳಿಸದೆ ಉಳಿಯುವ ಸಾಧ್ಯತೆ ಕೋಟಿ ಇಳಿಯುವಿಕೆಗೆ ಎರಡಕ್ಕಿಂತ ಹೆಚ್ಚಿರಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ವಿಮಾನ ಇಳಿಸಿ ತೋರಿಸಿದರು. ಒಂದು ಕಡೆ ಕೋಟಿಗೆ ಎರಡು, ಇನ್ನೊಂದು ಕಡೆ ನಮ್ಮ ಫೋನಿನ ಮೂರಕ್ಕೆ ಒಂದು. ಎರಡಕ್ಕೂ ನಾವು ಜಿಪಿಎಸ್ ಅಂತಲೇ ಕರೆಯುತ್ತೇವೆ.

ನಾವಿಕ್ ಬಗ್ಗೆ ಒಬ್ಬ ಹುಡುಗ ಆಗಲೇ ಚೀಟಿ ಕಳಿಸಿದ್ದಾನೆ. ನಮ್ಮದೇ ವ್ಯವಸ್ಥೆ, ಏಳು ಉಪಗ್ರಹದ ಯೋಜನೆ, ಸುಮಾರು 36,000 ಕಿಲೋಮೀಟರ್ ಎತ್ತರ. ಬೆಂಗಳೂರು ಹತ್ತಿರದ ಬ್ಯಾಲಾಳು ಮತ್ತು ಹಾಸನ ಎರಡಕ್ಕೂ ಅದರಲ್ಲಿ ಪಾಲಿದೆ. ಹೆಮ್ಮೆ ಇರಲಿ, ಲೆಕ್ಕವೂ ಇರಲಿ. 2013ರಲ್ಲಿ ಹೋದ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರ ಕೆಟ್ಟವು. ಅದರ ಜಾಗಕ್ಕೆ 2017ರಲ್ಲಿ ಕಳಿಸಿದ್ದು ಶಾಖ ಕವಚ ಬಿಚ್ಚಿಕೊಳ್ಳದೆ ಹಾಳಾಯಿತು. 2023ರ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು. 2025ರ ಜನವರಿಯ ಎನ್‌ವಿಎಸ್-02 ಸರಿಯಾದ ಕಕ್ಷೆ ಮುಟ್ಟಲಿಲ್ಲ. ಸದ್ಯಕ್ಕೆ ನಾವಿಕ್ ಒಂದನ್ನೇ ನಂಬಿ ಹೊಲ ಅಳೆಯಬೇಡಿ, ಎಲ್ಲರ ಜೊತೆ ಒಬ್ಬ ಸಾಕ್ಷಿಯಾಗಿ ಸೇರಿಸಿಕೊಳ್ಳಿ. ಬೇರೆಯವರೂ ಏನು ಕಡಿಮೆ ಇಲ್ಲ. ಯುರೋಪಿನ ಗೆಲಿಲಿಯೊ 2019ರ ಜುಲೈನಲ್ಲಿ ಸುಮಾರು ಒಂದು ವಾರ ಪೂರ್ತಿ ಮಲಗಿತ್ತು.

ಇನ್ನೊಂದು ಚೀಟಿ: ಬೇಕೆಂದೇ ಯಾರಾದರೂ ಕೆಡಿಸಬಹುದಾ? ಬಹುದು, ಕಷ್ಟವೂ ಇಲ್ಲ. ನೆಲಕ್ಕೆ ಮುಟ್ಟುವ ಹೊತ್ತಿಗೆ ಸಿಗ್ನಲ್ ಎಷ್ಟು ಕ್ಷೀಣ ಗೊತ್ತಾ? ಒಂದು ವ್ಯಾಟನ್ನು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಪಾಲು ಮಾಡಿದರೆ ಎಷ್ಟೋ ಅಷ್ಟು. ಜಾತ್ರೆಯ ಮೈಕಿನ ಪಕ್ಕ ಪಿಸುಮಾತು ಕೇಳಿದ ಹಾಗೆ. ಸುಳ್ಳು ಸಿಗ್ನಲ್ ಕಳಿಸಿ ದಾರಿ ತಪ್ಪಿಸುವುದೂ ಇದೆ. ಪಶ್ಚಿಮ ಏಷ್ಯಾದ ಮೇಲೆ ಹಾರುವ ವಿಮಾನಗಳಿಗೆ ಹೀಗಾಗುತ್ತಿದೆ ಅಂತ 2023ರ ನವೆಂಬರ್‌ನಲ್ಲಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಎಚ್ಚರಿಕೆ ಕೊಟ್ಟಿತು.

"ಹಾಗಾದರೆ ನೀವು ಈಗ ಹೇಗೆ ಅಳೆಯುತ್ತೀರಿ?" ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಕೆಲಸ ಶುರು ಮಾಡುವ ಮೊದಲು ಜಾಗದ ಸರಿಯಾದ ಅಂಕಿ ಗೊತ್ತಿರುವ ಕಲ್ಲಿನ ಮೇಲೆ ರೋವರ್ ಇಡುತ್ತೇನೆ. ಕೆಲಸ ಮುಗಿಸಿದ ಮೇಲೆ ಮತ್ತೆ ಅದೇ ಕಲ್ಲಿನ ಮೇಲೆ ಇಡುತ್ತೇನೆ. ಮುಖ್ಯವಾದ ಮೂಲೆಗಳನ್ನು ಒಂದೆರಡು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯುತ್ತೇನೆ. ಆಗ ಮೇಲಿನ ಉಪಗ್ರಹಗಳ ಸಾಲು ಬೇರೆ ಇರುತ್ತದೆ, ಹಿಂದಿನ ತಪ್ಪು ಹಾಗೇ ಮರುಕಳಿಸುವುದು ಕಷ್ಟ. ಬೆನ್ನು ಬೆನ್ನಿಗೆ ಹತ್ತು ಸಲ ಒತ್ತುವುದರಿಂದ ಏನೂ ಸಿಗುವುದಿಲ್ಲ, ಅದೇ ಬಂಡೆ ಅದೇ ಮಾರ್ದನಿ. ಎತ್ತರಕ್ಕೆ ಬೆಳೆದ ಒದ್ದೆ ಕಬ್ಬಿನೊಳಗೆ ನಿಂತು ಅಳೆಯುವುದಿಲ್ಲ, ಎಲೆಯ ನೀರು ಸಿಗ್ನಲ್ ನುಂಗುತ್ತದೆ. ಮತ್ತೆ ಚೀಲದಲ್ಲಿ ಈಗಲೂ ಟೇಪ್ ಇದೆ. ಮೆಷಿನ್ ಹೇಳಿದ ಎರಡು ಗೂಟದ ನಡುವಿನ ದೂರವನ್ನು ಟೇಪ್ ಹಿಡಿದು ನೋಡುತ್ತೇನೆ. ಜೊತೆಯ ಹುಡುಗರು ನಗುತ್ತಾರೆ, ನಗಲಿ.

ಹೊರಗೆ ಬಿಸಿಲು ಇಳಿದಿದೆ. ಬೆಳಿಗ್ಗೆ ಬಂದಾಗಲೇ ಎರಡು ಮೊಳೆ ಹೊಡೆದಿದ್ದೇನೆ, ಒಂದು ಬಯಲಿನ ನಡುವೆ, ಇನ್ನೊಂದು ಗೇಟಿನ ಪಕ್ಕ, ಬೇವಿನ ಮರ ಮತ್ತು ಕಾಂಪೌಂಡ್ ಗೋಡೆಯ ನಡುವೆ. ಸುತ್ತ ಸುಣ್ಣ ಹಾಕಿದ್ದೇನೆ, ಕಾಣುತ್ತದೆ. ಟೇಪ್ ಹಿಡಿದು ಎರಡು ಸಲ ಅಳೆದಿದ್ದೇನೆ, ನಡುವಿನ ದೂರ 24 ಮೀಟರ್ 60 ಸೆಂಟಿಮೀಟರ್. ಫೋನ್ ಇರುವವರೆಲ್ಲ ಬನ್ನಿ. ಎರಡೂ ಮೊಳೆ ಮೇಲೆ ಇಟ್ಟು ಅಂಕಿ ಬರೆದುಕೊಳ್ಳಿ, ಐದನೇ ಅಂಕಿಗೆ ಒಂದು ಮೀಟರ್ ಅಂತ ಲೆಕ್ಕ ಹಾಕಿ. ಡಿಪ್ಲೊಮಾ ಹುಡುಗರೇ, ಬೋರ್ಡಿನ ಮೇಲೆ ಎಲ್ಲರ ಉತ್ತರ ಬರೆಯುವ ಕೆಲಸ ನಿಮ್ಮದು. ಗೇಟಿನ ಮೊಳೆಯಿಂದ ಶುರು ಮಾಡೋಣ.